ಸಣ್ಣ ಟೆಕ್ ಕಂಪನಿಯ ಷೇರು: ಬೆಳೆಯುವುದು ಯಾವುದು, ಬರೀ ಉಬ್ಬುವುದು ಯಾವುದು?

ಚಾಲಿ ಅಡಿಕೆಯ ವ್ಯಾಪಾರ ಕಾವೇರುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಒಂದಿಷ್ಟು ದುಡ್ಡು ಓಡಾಡುತ್ತದೆ. ಕಾರವಾರ, ಅಂಕೋಲಾ ಕಡೆ ಹೆದ್ದಾರಿ ಅಗಲೀಕರಣಕ್ಕೋ ಸೀಬರ್ಡ್ ನೌಕಾನೆಲೆಗೋ ಜಾಗ ಬಿಟ್ಟುಕೊಟ್ಟವರಿಗೆ ಪರಿಹಾರ, ಕೈಗಾದಲ್ಲಿ ನಿವೃತ್ತರಾದವರಿಗೆ ಗ್ರಾಚ್ಯುಟಿ ಎಂದು ಇಡಿಗಂಟು ಬಂದದ್ದುಂಟು. ಮೊದಲೆಲ್ಲ ಇದು ಸೀದಾ ಸೊಸೈಟಿಯ ಠೇವಣಿಗೆ ಹೋಗುತ್ತಿತ್ತು. ಈಗ ಒಂದು ಪಾಲು ಷೇರಿಗೆ ಹರಿಯುತ್ತಿದೆ, ಅದರಲ್ಲೂ ಹೆಸರಿನಲ್ಲಿ ‘ಟೆಕ್’, ‘ಎಐ’, ‘ಸೈಬರ್’ ಇರುವ ಸಣ್ಣ ಕಂಪನಿಗಳಿಗೆ. ಶಿರಸಿಯಲ್ಲಿ ಲೆಕ್ಕಪತ್ರ, ತೆರಿಗೆ ರಿಟರ್ನ್‌ಗಳ ಕೆಲಸ ಮಾಡುವ ನನಗೆ ಬರುವ ಪ್ರಶ್ನೆ ಯಾವಾಗಲೂ ಒಂದೇ ಧಾಟಿಯದು: “ತಮಾ, ಈ ಶೇರು ತಗಂಡ್ರೆ ಅಡ್ಡಿಲ್ಯಾ?”

ಒಂದೇ ಷೇರನ್ನು ಮುಂದಿಟ್ಟು ಕೇಳಿದರೆ ಉತ್ತರ ಹೇಳುವುದು ಕಷ್ಟ. ಎರಡನ್ನು ಪಕ್ಕಪಕ್ಕದಲ್ಲಿಟ್ಟರೆ ಅರ್ಧ ಉತ್ತರ ತಾನಾಗಿಯೇ ಕಾಣುತ್ತದೆ. ಹಾಗಾಗಿ ನನ್ನ ಹತ್ತಿರ ಬಂದವರಿಗೆಲ್ಲ ಹೇಳುವುದು, ನಿಮಗೆ ಯಾರೋ ಹೇಳಿದ ಕಂಪನಿಯ ಜೊತೆಗೆ ಅದೇ ಕಸುಬಿನ ಇನ್ನೊಂದು ಕಂಪನಿಯನ್ನೂ ಆರಿಸಿಕೊಳ್ಳಿ, ಎರಡರ ಮೂರು ವರ್ಷದ ವಾರ್ಷಿಕ ವರದಿ ಇಳಿಸಿಕೊಳ್ಳಿ. ಎನ್‌ಎಸ್‌ಇ, ಬಿಎಸ್‌ಇ ಷೇರುಪೇಟೆಗಳ ಜಾಲತಾಣಗಳಲ್ಲಿ ಪುಕ್ಕಟೆ ಸಿಗುತ್ತವೆ. ಕಂಪನಿ ಬೆಳೆಯುವುದು ಬೇರೆ, ಅದರಲ್ಲಿ ನಮ್ಮ ಪಾಲು ಬೆಳೆಯುವುದು ಬೇರೆ. ಹೋಲಿಸಬೇಕಾದದ್ದು ಎರಡನೆಯದನ್ನು.

ಮೊದಲು ಕಸುಬು ಯಾವುದು ನೋಡಿ

‘ಟೆಕ್ ಕಂಪನಿ’ ಎಂಬ ಹಣೆಪಟ್ಟಿಯಡಿ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ವ್ಯವಹಾರಗಳಿವೆ. ಒಂದರ ಅಳತೆಗೋಲು ಇನ್ನೊಂದಕ್ಕೆ ನಡೆಯುವುದಿಲ್ಲ.

ಸಾಫ್ಟ್‌ವೇರ್ ಸೇವೆಯ ಕಂಪನಿ ಮಾರುವುದು ಮನುಷ್ಯರ ದುಡಿಮೆಯನ್ನು. ಆದಾಯ ಎರಡು ಪಟ್ಟಾಗಬೇಕಾದರೆ ಜನರೂ ಹೆಚ್ಚುಕಡಿಮೆ ಎರಡು ಪಟ್ಟಾಗಬೇಕು. ಇಂಥ ಕಂಪನಿಯ ಬಗ್ಗೆ ಕೇಳಬೇಕಾದದ್ದು: ತಲೆಗೆಷ್ಟು ಆದಾಯ? ಅತಿ ದೊಡ್ಡ ಐದು ಗಿರಾಕಿಗಳಿಂದ ಬರುವ ಪಾಲೆಷ್ಟು? ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಒಬ್ಬನೇ ಗಿರಾಕಿಯ ಮೇಲೆ ನಿಂತಿದ್ದರೆ ಅಲ್ಲಿ ಮಾಲೀಕ ಆ ಗಿರಾಕಿಯೇ. ಅಮೆರಿಕದ ವ್ಯಾಪಾರ ಹೆಚ್ಚಿದ್ದರೆ ಅಲ್ಲಿಯ ನೀತಿಯ ಕಡೆಗೂ ಕಣ್ಣಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದಾಗ, ಜನರನ್ನು ಅಲ್ಲಿಗೇ ಕಳಿಸಿ ದುಡಿಸುವ ಕಂಪನಿಗೂ ಇಲ್ಲೇ ಕೂರಿಸಿ ದುಡಿಸುವ ಕಂಪನಿಗೂ ಪೆಟ್ಟು ಒಂದೇ ಸಮ ಅಲ್ಲ.

ಸೇವೆಯ ಕಂಪನಿಯನ್ನು ಅಳೆಯಲು ಹೆಚ್ಚಿನವರು ಬಳಸದ ಒಂದು ದಾರಿ ಇದೆ. ಭವಿಷ್ಯ ನಿಧಿ ಸಂಸ್ಥೆ, ಅಂದರೆ ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ ಆ ಕಂಪನಿ ಯಾವ ತಿಂಗಳು ಎಷ್ಟು ನೌಕರರ ಪಿಎಫ್ ಕಟ್ಟಿದೆ ಎಂಬುದು ಕಾಣುತ್ತದೆ. ‘ನಮ್ಮಲ್ಲಿ 800 ಇಂಜಿನಿಯರುಗಳು’ ಎಂದು ಹೇಳಿಕೊಳ್ಳುವ ಕಂಪನಿ 210 ಜನರ ಪಿಎಫ್ ಕಟ್ಟುತ್ತಿದ್ದರೆ ಉಳಿದವರು ಎಲ್ಲಿ ಎಂದು ಕೇಳಲೇಬೇಕು. ಗುತ್ತಿಗೆಯವರೋ ಹೊರದೇಶದವರೋ ಇರಬಹುದು, ಉತ್ತರ ನ್ಯಾಯವಾದದ್ದೇ ಆಗಿರಬಹುದು. ಆದರೆ ಆದಾಯ ವರ್ಷಕ್ಕೆ ನೂರಕ್ಕೆ ಅರವತ್ತು ಏರುತ್ತ, ಪಿಎಫ್ ಕಟ್ಟುವವರ ಸಂಖ್ಯೆ ಇದ್ದಲ್ಲೇ ನಿಂತಿದ್ದರೆ ಆ ಬೆಳವಣಿಗೆ ಎಲ್ಲಿಂದ ಬಂತೆಂದು ಹುಡುಕದೆ ಮುಂದೆ ಹೋಗಬಾರದು.

ಸ್ವಂತ ಸಾಫ್ಟ್‌ವೇರ್ ಮಾಡಿ ಚಂದಾಕ್ಕೆ ಕೊಡುವ ಕಂಪನಿಯದು ಬೇರೆಯೇ ಲೆಕ್ಕ. ಒಮ್ಮೆ ಮಾಡಿದ ಉತ್ಪನ್ನ ನೂರು ಗಿರಾಕಿಗೆ ಹೋದರೂ ಸಾವಿರಕ್ಕೆ ಹೋದರೂ ಖರ್ಚು ಅಷ್ಟೇನೂ ಏರುವುದಿಲ್ಲ. ನಿಜವಾದ ಬೆಳವಣಿಗೆಯ ಶಕ್ತಿ ಇರುವುದು ಇಲ್ಲೇ, ನನಗೆ ಹೆಚ್ಚು ಆಸೆ ಇರುವುದೂ ಇದರ ಮೇಲೆಯೇ. ನೋಡಬೇಕಾದದ್ದು ಕಳೆದ ವರ್ಷದ ಗಿರಾಕಿಗಳಲ್ಲಿ ಎಷ್ಟು ಜನ ಈ ವರ್ಷವೂ ಚಂದಾ ಕಟ್ಟಿದರು ಎನ್ನುವುದನ್ನು. ಆದರೆ ಇಲ್ಲೊಂದು ಲೆಕ್ಕಪತ್ರದ ಸಂದಿ ಇದೆ. ಸಂಶೋಧನೆಯ ಖರ್ಚನ್ನು ಆ ವರ್ಷದ ಲಾಭದಲ್ಲೇ ಕಳೆಯಬೇಕು, ಅಭಿವೃದ್ಧಿಯ ಖರ್ಚನ್ನು ಮಾತ್ರ ಕೆಲವು ಷರತ್ತುಗಳು ಪೂರೈಸಿದರೆ ‘ಅಮೂರ್ತ ಆಸ್ತಿ’ ಎಂದು ಆಸ್ತಿಯ ಕಡೆ ಬರೆದುಕೊಳ್ಳಬಹುದು. ನಿಯಮ ಸರಿಯಾದದ್ದೇ. ಆದರೆ ಇಂಜಿನಿಯರುಗಳ ಸಂಬಳದ 6 ಕೋಟಿಯನ್ನು ಖರ್ಚೆಂದು ತೋರಿಸದೆ ಆಸ್ತಿಗೆ ಸೇರಿಸಿದರೆ ಆ ವರ್ಷದ ಲಾಭ ಅಷ್ಟೇ ಉಬ್ಬುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ‘ಅಭಿವೃದ್ಧಿ ಹಂತದಲ್ಲಿರುವ ಅಮೂರ್ತ ಆಸ್ತಿ’ ಎಂಬ ಸಾಲು ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಿದ್ದು ಹೊಸ ಉತ್ಪನ್ನ ಮಾತ್ರ ಮಾರುಕಟ್ಟೆಗೆ ಬರುತ್ತಿಲ್ಲವಾದರೆ, ಅಷ್ಟನ್ನೂ ಲಾಭದಿಂದ ಕಳೆದು ಮತ್ತೆ ಲೆಕ್ಕ ಹಾಕಿ.

ಮೂರನೆಯದು ಸರ್ಕಾರಿ ಟೆಂಡರಿನ ಕಂಪನಿ: ಸಿಸಿಟಿವಿ ಕ್ಯಾಮೆರಾ, ಸಂಚಾರ ನಿಯಂತ್ರಣ, ಕಚೇರಿಗಳ ಗಣಕೀಕರಣ. 2015ರ ಜೂನ್‌ನಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೂರು ನಗರಗಳಿದ್ದವು, ನಮ್ಮ ಹತ್ತಿರದ ಹುಬ್ಬಳ್ಳಿ-ಧಾರವಾಡವೂ ಅದರಲ್ಲೊಂದು. 2025ರ ಮಾರ್ಚ್ 31ಕ್ಕೆ ಆ ಯೋಜನೆ ಮುಗಿಯಿತು. ಇಂಥ ಒಂದೇ ಯೋಜನೆಯ ನೆರಳಲ್ಲಿ ಬೆಳೆದ ಕಂಪನಿಗೆ ಮುಂದಿನ ಕೆಲಸ ಯಾವುದು ಎಂಬುದೇ ಪ್ರಶ್ನೆ. ‘500 ಕೋಟಿಯ ಆರ್ಡರ್ ಬುಕ್’ ಎಂಬ ಸುದ್ದಿಗೆ ಷೇರು ಜಿಗಿಯುತ್ತದೆ, ಆದರೆ ಆ 500 ಕೋಟಿ ಎಷ್ಟು ವರ್ಷಕ್ಕೆ ಹಂಚಿದೆ, ಲಾಭ ನೂರಕ್ಕೆ ನಾಲ್ಕೋ ಹದಿನಾಲ್ಕೋ, ಬಿಲ್ಲು ಪಾಸಾಗಲು ಎಷ್ಟು ತಿಂಗಳು ಎಂಬುದು ಸುದ್ದಿಯಲ್ಲಿ ಇರುವುದಿಲ್ಲ. ಪಂಚಾಯಿತಿ ಕೆಲಸ ಮಾಡಿದ ಯಾವ ಗುತ್ತಿಗೆದಾರರನ್ನು ಕೇಳಿದರೂ ಬಿಲ್ಲಿನ ಕತೆ ಹೇಳಿಯಾರು. ನಾನು ಈ ಗುಂಪಿನಿಂದ ದೂರವೇ ಉಳಿಯುತ್ತೇನೆ.

ನಾಲ್ಕನೆಯದು ಎಲೆಕ್ಟ್ರಾನಿಕ್ಸ್ ತಯಾರಿಕೆ. ಹೆಸರಿಗೆ ಟೆಕ್, ನಿಜದಲ್ಲಿ ಕಾರ್ಖಾನೆ. ಕಚ್ಚಾಮಾಲಿನ ದಾಸ್ತಾನು, ಯಂತ್ರ, ಬ್ಯಾಂಕ್ ಸಾಲ ಎಲ್ಲ ಇರುತ್ತದೆ. ಇದನ್ನು ಸಾಫ್ಟ್‌ವೇರ್ ಕಂಪನಿಯ ದರಕ್ಕೆ ಕೊಂಡರೆ ದುಬಾರಿಯಾಗುತ್ತದೆ.

ಹೆಸರು ನೋಡಿ ಮರುಳಾಗುವುದು ಹಳೇ ಚಾಳಿ. 1999-2000ದ ಹೊತ್ತಿಗೆ ಸಂಬಂಧವಿಲ್ಲದ ಕಂಪನಿಗಳೂ ‘ಇನ್ಫೋಟೆಕ್’ ಎಂದು ಬಾಲ ಅಂಟಿಸಿಕೊಂಡಿದ್ದವು. ಷೇರು ದಲ್ಲಾಳಿ ಕೇತನ್ ಪಾರೇಖ್ ಹಗರಣ ಸ್ಫೋಟವಾದ 2001ರಲ್ಲಿ ಸಿಲ್ವರ್‌ಲೈನ್, ಡಿಎಸ್‌ಕ್ಯು ಸಾಫ್ಟ್‌ವೇರ್, ಪೆಂಟಾಮೀಡಿಯಾದಂಥ ಷೇರುಗಳನ್ನು ಹಿಡಿದವರ ಕೈಯಲ್ಲಿ ಕಾಗದ ಮಾತ್ರ ಉಳಿಯಿತು. ಈಗ ಪಟ್ಟಿಯಾದ ಕಂಪನಿ ಹೊಸ ಕಸುಬು ಸೂಚಿಸುವ ಹೆಸರು ಇಟ್ಟುಕೊಳ್ಳಬೇಕಾದರೆ ಹಿಂದಿನ ಒಂದು ವರ್ಷದ ಆದಾಯದಲ್ಲಿ ಅರ್ಧವಾದರೂ ಆ ಕಸುಬಿನಿಂದ ಬಂದಿರಬೇಕು, ಇಲ್ಲವೇ ಕಂಪನಿಯ ಆಸ್ತಿಯಲ್ಲಿ ಅರ್ಧದಷ್ಟಾದರೂ ಅದರಲ್ಲಿ ತೊಡಗಿಸಿರಬೇಕೆಂಬ ನಿಯಮ ಷೇರುಪೇಟೆಯ ನಿಯಂತ್ರಕ ಸೆಬಿಯದ್ದು. ಹೆಸರು ಬದಲಿಸಿದ ಕಂಪನಿಯಾದರೆ ಆದಾಯದ ವಿಂಗಡಣೆಯ ಪುಟವನ್ನು ತಪ್ಪದೆ ನೋಡಿ.

ಲಾಭ ಕಾಗದದ ಮೇಲೆ, ದುಡ್ಡು ಎಲ್ಲಿ?

ಈಗ ಒಂದೇ ಕಸುಬಿನ ಎರಡು ಕಂಪನಿಗಳನ್ನು ಇಟ್ಟುಕೊಳ್ಳೋಣ. ಅಂಕಿಗಳು ಉದಾಹರಣೆಗಾಗಿ ನಾನು ಬರೆದವು, ಆದರೆ ಇಂಥ ಜೋಡಿ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಮೊದಲನೇ ಕಂಪನಿಯ ಲಾಭ ಮೂರು ವರ್ಷಗಳಲ್ಲಿ 6, 8, 10 ಕೋಟಿ. ಎರಡನೆಯದು 6, 9, 14 ಕೋಟಿ. ಮೊಬೈಲಿನಲ್ಲಿ ಗ್ರಾಫ್ ನೋಡಿದವರು ಎರಡನೆಯದನ್ನೇ ಕೊಳ್ಳುತ್ತಾರೆ. ಈಗ ವಾರ್ಷಿಕ ವರದಿಯಲ್ಲಿ ನಗದು ಹರಿವಿನ ಪಟ್ಟಿಗೆ ಹೋಗಿ, ‘ಕಾರ್ಯಾಚರಣೆಯಿಂದ ಬಂದ ನಗದು’ ಎಂಬ ಸಾಲು ಹುಡುಕಿ. ಮೊದಲನೆಯದಕ್ಕೆ 5, 7, 9 ಕೋಟಿ ಬಂದಿದೆ. ಮೂರು ವರ್ಷದ ಲಾಭ 24 ಕೋಟಿ, ಕೈಗೆ ಬಂದದ್ದು 21 ಕೋಟಿ. ಎರಡನೆಯದಕ್ಕೆ ಮೊದಲ ವರ್ಷ 2 ಕೋಟಿ ಬಂದು, ಮುಂದಿನ ಎರಡು ವರ್ಷ 3 ಕೋಟಿ, 1 ಕೋಟಿ ಹೊರಗೇ ಹೋಗಿದೆ. ಲಾಭ 29 ಕೋಟಿ ಎಂದು ಬರೆದುಕೊಂಡ ಕಂಪನಿಯ ಕೈಯಿಂದ ಒಟ್ಟಾರೆ 2 ಕೋಟಿ ಸೋರಿದೆ.

ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೆಂಡರಿನಲ್ಲಿ ಎಷ್ಟೇ ದರ ಬರೆದಿದ್ದರೂ ಹಣ ಖಾತೆಗೆ ಜಮಾ ಆಗುವ ತನಕ ಅದು ಬರೀ ದರ.

ಹಣ ಎಲ್ಲಿ ಸಿಕ್ಕಿಕೊಂಡಿದೆ? ಬಾಕಿಯಲ್ಲಿ. ಮೊದಲನೆಯದರ ವಾರ್ಷಿಕ ಮಾರಾಟ 100 ಕೋಟಿ, ಬರಬೇಕಾದ ಬಾಕಿ 18 ಕೋಟಿ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ 66 ದಿನ. ಎರಡನೆಯದರ ಮಾರಾಟ 120 ಕೋಟಿ, ಬಾಕಿ 62 ಕೋಟಿ, ಅಂದರೆ 189 ದಿನ. ಇಷ್ಟಕ್ಕೇ ನಿಲ್ಲಬೇಡಿ. 2021ರ ಏಪ್ರಿಲ್‌ನಿಂದ ಪ್ರತಿ ಕಂಪನಿಯೂ ತನ್ನ ಬಾಕಿ ಎಷ್ಟು ಹಳೆಯದೆಂದು ಟಿಪ್ಪಣಿಯಲ್ಲಿ ತೋರಿಸಬೇಕು: ಆರು ತಿಂಗಳೊಳಗಿನದು, ಆರು ತಿಂಗಳಿಂದ ಒಂದು ವರ್ಷ, ಒಂದರಿಂದ ಎರಡು, ಎರಡರಿಂದ ಮೂರು, ಮೂರಕ್ಕೂ ಮೇಲ್ಪಟ್ಟದ್ದು. ವರದಿಯ ಕೊನೆಯ ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಈ ಕೋಷ್ಟಕ ಅಧ್ಯಕ್ಷರ ಭಾಷಣದ ಹತ್ತು ಪುಟಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ. ನಮ್ಮ ಎರಡನೇ ಕಂಪನಿಯ 62 ಕೋಟಿಯಲ್ಲಿ 21 ಕೋಟಿ ವರ್ಷಕ್ಕಿಂತ ಹಳೆಯದು, ಮುಳುಗಬಹುದೆಂದು ತೆಗೆದಿಟ್ಟದ್ದು 40 ಲಕ್ಷ ಮಾತ್ರ ಎಂದುಕೊಳ್ಳಿ. ಆ ಹಳೇ ಬಾಕಿಯಲ್ಲಿ ಅರ್ಧ ಮುಳುಗಿದರೂ ಹತ್ತೂವರೆ ಕೋಟಿ. ಬರೆದುಕೊಂಡ 14 ಕೋಟಿ ಲಾಭದಲ್ಲಿ ಉಳಿಯುವುದು ಮೂರೂವರೆ ಕೋಟಿ.

ಬೆಳೆಯುವ ಕಂಪನಿಗೆ ಬಾಕಿ ಸ್ವಲ್ಪ ಏರುವುದು ಸಹಜವೇ, ಒಂದು ವರ್ಷದ ಏರುಪೇರಿಗೆ ಹೆದರಬೇಕಿಲ್ಲ. ಮಾರಾಟಕ್ಕಿಂತ ಬಾಕಿ ವೇಗವಾಗಿ ಏರುವುದು ಮೂರು ವರ್ಷ ಮುಂದುವರಿದರೆ ನಾನು ಆ ಷೇರನ್ನು ಪಟ್ಟಿಯಿಂದಲೇ ತೆಗೆಯುತ್ತೇನೆ.

ಬ್ಯಾಂಕಿನಲ್ಲಿ ಇದೆ ಎಂದು ತೋರಿಸಿದ ಹಣವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2009ರ ಜನವರಿ 7ರಂದು ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು, ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಪತ್ರ ಬರೆದು ಒಪ್ಪಿಕೊಂಡರು. ಮನೆಯಲ್ಲೇ ಕೂತು ಮಾಡಬಹುದಾದ ಪರೀಕ್ಷೆ ಒಂದಿದೆ: ಕಂಪನಿ ತೋರಿಸಿದ ಠೇವಣಿಗೂ ‘ಇತರ ಆದಾಯ’ದಲ್ಲಿ ಬರೆದ ಬಡ್ಡಿಗೂ ತಾಳೆ ನೋಡಿ. ವರ್ಷವಿಡೀ 40 ಕೋಟಿ ಠೇವಣಿ ಇತ್ತೆನ್ನುವ ಕಂಪನಿಗೆ ಬಡ್ಡಿ ಬಂದದ್ದು 30 ಲಕ್ಷ ಎಂದರೆ ನೂರಕ್ಕೆ ಮುಕ್ಕಾಲು ರೂಪಾಯಿ ಆಯಿತು. ನಮ್ಮೂರಿನ ಯಾವ ಸೊಸೈಟಿಯೂ ಅಷ್ಟು ಕಡಿಮೆ ಕೊಡುವುದಿಲ್ಲ.

ಕಂಪನಿಗೆ ಬ್ಯಾಂಕ್ ಸಾಲ ಇದ್ದರೆ ಇನ್ನೊಂದು ಅನುಕೂಲ. ಕ್ರಿಸಿಲ್, ಇಕ್ರಾ, ಕೇರ್‌ನಂಥ ರೇಟಿಂಗ್ ಸಂಸ್ಥೆಗಳು ಸಾಲಕ್ಕೆ ಕೊಟ್ಟ ರೇಟಿಂಗಿನ ಕಾರಣಗಳನ್ನು ತಮ್ಮ ಜಾಲತಾಣದಲ್ಲೇ ಹಾಕುತ್ತವೆ. ಸಾಲ ಕೊಟ್ಟವರ ಕಣ್ಣಿನಿಂದ ಬರೆದದ್ದಾದ್ದರಿಂದ ಅದರಲ್ಲಿ ಬಣ್ಣ ಕಡಿಮೆ. ‘ಇಶ್ಯೂವರ್ ನಾಟ್ ಕೋಆಪರೇಟಿಂಗ್’ ಎಂದು ಬರೆದಿದ್ದರೆ ಕಂಪನಿ ರೇಟಿಂಗ್ ಸಂಸ್ಥೆಗೇ ಸರಿಯಾಗಿ ಮಾಹಿತಿ ಕೊಟ್ಟಿಲ್ಲ ಎಂದರ್ಥ. ಅವರಿಗೆ ಹೇಳದ್ದನ್ನು ನಮಗೆ ಹೇಳುತ್ತಾರೆಯೇ?

ನಮ್ಮ ಪಾಲು ಬೆಳೆಯಿತೇ?

ಅದೇ ಜೋಡಿಗೆ ಮರಳೋಣ. ಎರಡನೇ ಕಂಪನಿಗೆ ವ್ಯಾಪಾರದಿಂದ ನಗದು ಬರುತ್ತಿಲ್ಲ, ಹಾಗಿದ್ದರೆ ಸಂಬಳ ಕೊಡುತ್ತಿರುವುದು ಎಲ್ಲಿಂದ? ಹೊಸ ಷೇರು ಮಾರಿ. ಮೂರು ವರ್ಷದ ಹಿಂದೆ 1 ಕೋಟಿ ಷೇರುಗಳಿದ್ದವು, ಈಗ 1.8 ಕೋಟಿ. 6 ಕೋಟಿ ಲಾಭ ಇದ್ದಾಗ ಷೇರಿಗೆ 6 ರೂಪಾಯಿ ಗಳಿಕೆ. 14 ಕೋಟಿ ಆದ ಮೇಲೆ 7 ರೂಪಾಯಿ 78 ಪೈಸೆ. ಮೊದಲನೇ ಕಂಪನಿ ಒಂದು ಷೇರನ್ನೂ ಹೊಸದಾಗಿ ಹೊರಡಿಸಲಿಲ್ಲ, ಅಲ್ಲಿ 6 ರೂಪಾಯಿ ಇದ್ದದ್ದು 10 ಆಯಿತು. ನಿಧಾನವಾಗಿ ಬೆಳೆದ ಕಂಪನಿಯೇ ತನ್ನ ಷೇರುದಾರರಿಗೆ ಹೆಚ್ಚು ಕೊಟ್ಟಿತು.

ಸಣ್ಣ ಟೆಕ್ ಕಂಪನಿಗಳಲ್ಲಿ ಇದು ಹೆಚ್ಚಾಗಿ ‘ವಾರಂಟ್’, ಅಂದರೆ ಮುಂದೆ ಗೊತ್ತಾದ ದರಕ್ಕೆ ಷೇರು ಪಡೆಯುವ ಹಕ್ಕಿನ ರೂಪದಲ್ಲಿ ಬರುತ್ತದೆ. ಆಯ್ದ ಕೆಲವರಿಗೆ ಕಾಲು ಭಾಗ ಹಣ ಮುಂಗಡ ಪಡೆದು ವಾರಂಟ್ ಕೊಡುತ್ತಾರೆ, ಉಳಿದ ಮುಕ್ಕಾಲು ಭಾಗ ಕಟ್ಟಲು 18 ತಿಂಗಳ ಅವಕಾಶ. ಆ ಅವಧಿಯಲ್ಲಿ ದೊಡ್ಡ ಆರ್ಡರಿನ ಸುದ್ದಿಗಳು ಒಂದರ ಹಿಂದೊಂದು ಬರತೊಡಗಿದರೆ ವಾರಂಟ್ ಪಡೆದವರ ಪಟ್ಟಿ ತೆಗೆದು ನೋಡಿ. ಪ್ರವರ್ತಕರೇ, ಅಂದರೆ ಕಂಪನಿ ಕಟ್ಟಿ ನಡೆಸುವವರೇ, ತಮ್ಮ ಹಣ ಹಾಕಿದ್ದರೆ ಒಂದು ಲೆಕ್ಕ, ಕೇಳರಿಯದ ಹೆಸರುಗಳ ಸಾಲೇ ಇದ್ದರೆ ಇನ್ನೊಂದು. ಪ್ರವರ್ತಕರ ಪಾಲು ಇಳಿಯುತ್ತಿದೆಯೇ, ಷೇರು ಅಡವಿಟ್ಟಿದ್ದಾರೆಯೇ ಎಂಬುದೂ ಷೇರುದಾರಿಕೆಯ ಪಟ್ಟಿಯಲ್ಲೇ ಸಿಗುತ್ತದೆ. ಬೋನಸ್ ಷೇರಿಗೆ, ಮುಖಬೆಲೆ ಸೀಳುವುದಕ್ಕೆ ಖುಷಿಪಡುವಂಥದ್ದೇನಿಲ್ಲ. ಷೇರಿನ ಸಂಖ್ಯೆ ಹೆಚ್ಚುತ್ತದೆ, ಕಂಪನಿಯಲ್ಲಿ ನಮ್ಮ ಭಾಗ ಇದ್ದಷ್ಟೇ ಇರುತ್ತದೆ.

ಒಳ್ಳೆಯ ಕಂಪನಿ, ಕೆಟ್ಟ ಬೆಲೆ

ಮೇಲಿನದೆಲ್ಲ ಸರಿಯಿದ್ದರೂ ಬೆಲೆ ತಪ್ಪಾದರೆ ಗಳಿಕೆ ಇಲ್ಲ. ಷೇರಿಗೆ 10 ರೂಪಾಯಿ ಗಳಿಸುವ ಕಂಪನಿಯನ್ನು 600 ರೂಪಾಯಿಗೆ ಕೊಂಡಿರಿ, ಅಂದರೆ ಗಳಿಕೆಯ 60 ಪಟ್ಟು. ಕಂಪನಿ ಮಾತು ಉಳಿಸಿಕೊಂಡು ಐದು ವರ್ಷ ಸತತ ನೂರಕ್ಕೆ 25ರಂತೆ ಬೆಳೆಯಿತು. ಗಳಿಕೆ ಮೂವತ್ತು ರೂಪಾಯಿ ಚಿಲ್ಲರೆ ಆಯಿತು. ಅಷ್ಟರಲ್ಲಿ ವೇಗ ತಗ್ಗುತ್ತದೆಂದು ಮಾರುಕಟ್ಟೆ ಅದಕ್ಕೆ 20 ಪಟ್ಟು ಮಾತ್ರ ಕೊಟ್ಟರೆ ಷೇರಿನ ದರ 610. ಐದು ವರ್ಷಕ್ಕೆ 10 ರೂಪಾಯಿ. ಬೆಳವಣಿಗೆಯ ಭವಿಷ್ಯ ಪೂರ್ತಿ ನಿಜವಾಗಿಯೂ ಕೊಂಡವರಿಗೆ ಏನೂ ಸಿಗಲಿಲ್ಲ.

ಇನ್ಫೋಸಿಸ್‌ನ ಚರಿತ್ರೆಯಲ್ಲೇ ಇದರ ಎರಡೂ ಮುಖಗಳಿವೆ. 1993ರ ಫೆಬ್ರವರಿಯಲ್ಲಿ 95 ರೂಪಾಯಿಗೆ ಷೇರು ಬಿಟ್ಟಾಗ ಜನರಿಂದ ಪೂರ್ತಿ ಅರ್ಜಿಗಳೇ ಬರಲಿಲ್ಲ. ಆಗ ಕೊಂಡು ಇಟ್ಟವರ ಕತೆ ಮನೆಮಾತು. ಅದೇ ಕಂಪನಿಯನ್ನು 2000ದ ಮಾರ್ಚ್‌ನ ತುತ್ತತುದಿಯಲ್ಲಿ ಕೊಂಡವರು, ಲಾಭ ಏರುತ್ತಲೇ ಇದ್ದರೂ, ಹಾಕಿದ ಹಣ ಮತ್ತೆ ನೋಡಲು ವರ್ಷಗಟ್ಟಲೆ ಕಾಯಬೇಕಾಯಿತು.

ಎಸ್‌ಎಂಇ, ಮುಖ್ಯ ಮಾರುಕಟ್ಟೆ, ಫಂಡ್

ಸಣ್ಣ ಮತ್ತು ಮಧ್ಯಮ ಉದ್ಯಮಗಳ ಷೇರಿಗೆಂದೇ 2012ರಲ್ಲಿ ಶುರುವಾದ ಎಸ್‌ಎಂಇ ವೇದಿಕೆಗಳು ಸಣ್ಣ ಕಂಪನಿಗಳಿಗೆ ಬಂಡವಾಳದ ಬಾಗಿಲು ತೆರೆದವು, ಅದು ಒಳ್ಳೆಯದೇ. ಆದರೆ ಅಬ್ಬರ ಎಷ್ಟಾಯಿತೆಂದರೆ 2024ರ ಜುಲೈನಲ್ಲಿ ಎನ್‌ಎಸ್‌ಇ, ಮೊದಲ ದಿನ ಎಸ್‌ಎಂಇ ಷೇರು ಬಿಡುಗಡೆ ದರಕ್ಕಿಂತ ನೂರಕ್ಕೆ 90ಕ್ಕೂ ಮೇಲೆ ತೆರೆಯದಂತೆ ಮಿತಿ ಹಾಕಬೇಕಾಯಿತು. ಈಗಿನ ನಿಯಮದಂತೆ ಐಪಿಒಗೆ, ಅಂದರೆ ಮೊದಲ ಬಾರಿ ಜನರಿಗೆ ಷೇರು ಮಾರಲು, ಬರುವ ಎಸ್‌ಎಂಇ ಕಂಪನಿ ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ 1 ಕೋಟಿ ರೂಪಾಯಿ ಕಾರ್ಯಾಚರಣೆಯ ಲಾಭ ತೋರಿಸಿರಬೇಕು, ಹಳೇ ಷೇರುದಾರರು ಮಾರಿಕೊಂಡು ಹೊರಹೋಗುವ ಪಾಲು ಒಟ್ಟು ಬಿಡುಗಡೆಯಲ್ಲಿ ನೂರಕ್ಕೆ 20 ಮೀರಬಾರದು. ಅರ್ಜಿ ಹಾಕಲು ಕನಿಷ್ಠ ಎರಡು ಲಾಟ್ (ಷೇರುಗಳ ಗೊತ್ತಾದ ಕಟ್ಟು), 2 ಲಕ್ಷಕ್ಕೂ ಮೇಲಿನ ಮೊತ್ತ ಬೇಕು. ಇಷ್ಟು ದೊಡ್ಡ ಮೊತ್ತ ಇಟ್ಟದ್ದೇ ಸಣ್ಣ ಉಳಿತಾಯದವರು ದೂರ ಇರಲಿ ಎಂದು.

ಎಸ್‌ಎಂಇಯ ನಿಜವಾದ ಕಷ್ಟ ಗೊತ್ತಾಗುವುದು ಮಾರುವಾಗ. ಲಾಟಿನ ಲೆಕ್ಕದಲ್ಲೇ ಮಾರಬೇಕು, ಮಗಳ ಕಾಲೇಜಿನ ಫೀಸಿಗೆ ನಲವತ್ತು ಸಾವಿರ ಬೇಕೆಂದು ಹತ್ತು ಷೇರು ಬಿಡಿಸಿ ಮಾರಲಾಗದು. ಕೆಟ್ಟ ಸುದ್ದಿ ಬಂದ ದಿನ ಪರದೆ ತೆರೆದರೆ ಮಾರುವವರ ಕಡೆ ಸಾವಿರಾರು ಷೇರು, ಕೊಳ್ಳುವವರ ಕಡೆ ಐದೂ ಸಾಲಿನಲ್ಲಿ ಸೊನ್ನೆ. ಲೋವರ್ ಸರ್ಕಿಟ್ ಎಂದರೆ ಅದು. ಒಂದು ದಿನಕ್ಕೆ ಇಳಿಯಬಹುದಾದ ಮಿತಿ ಮುಟ್ಟಿ, ದಿನಕ್ಕೆ ನೂರಕ್ಕೆ ಐದರಂತೆ ಇಳಿಯುತ್ತ ಹೋಗುವುದನ್ನು ನೋಡುತ್ತ ಕೂರಬೇಕು. ಫಲಿತಾಂಶವೂ ಮುಖ್ಯ ಮಾರುಕಟ್ಟೆಯ ಕಂಪನಿಯಂತೆ ಮೂರು ತಿಂಗಳಿಗಲ್ಲ, ಆರು ತಿಂಗಳಿಗೊಮ್ಮೆ. ಮಳೆಗಾಲದ ಮೊದಲು ಕೊಳೆ ಔಷಧಿಗೆ, ಕೊನೆಗೌಡರ ಕೂಲಿಗೆ ತೆಗೆಯಬೇಕಾದ ಹಣ ಇಲ್ಲಿಗೆ ಬರಲೇಬಾರದು.

ಮುಖ್ಯ ಮಾರುಕಟ್ಟೆಯಲ್ಲಿ ಪಟ್ಟಿಯಾಗಿ ಮೂರು ವರ್ಷವಾದರೂ ಕಳೆದ ಸಣ್ಣ ಕಂಪನಿ ನನಗೆ ಹೆಚ್ಚು ಒಪ್ಪಿಗೆ. ಹನ್ನೆರಡು ತ್ರೈಮಾಸಿಕ ಫಲಿತಾಂಶಗಳು ಕಣ್ಣೆದುರು ಇರುತ್ತವೆ, ಐಪಿಒ ಹೊತ್ತಿನಲ್ಲಿ ಹೇಳಿದ್ದನ್ನು ಮಾಡಿದರೋ ಇಲ್ಲವೋ ತಾಳೆ ನೋಡಬಹುದು. ಹತ್ತು ಷೇರು ಕೊಂಡು ವರ್ಷಗಟ್ಟಲೆ ಗಮನಿಸಲೂಬಹುದು.

ವರ್ಷಕ್ಕೆ ನಾಲ್ಕು ಸಂಜೆ ಕೂತು ವರದಿ ಓದುವ ಮನಸ್ಸಿಲ್ಲದವರಿಗೆ ಸ್ಮಾಲ್ ಕ್ಯಾಪ್ ಫಂಡೇ ಸರಿ. ಮಾರುಕಟ್ಟೆ ಮೌಲ್ಯದಲ್ಲಿ 251ನೇ ಸ್ಥಾನದಿಂದ ಕೆಳಗಿನ ಕಂಪನಿಗಳಲ್ಲಿ ನೂರಕ್ಕೆ 65ಕ್ಕೆ ಕಡಿಮೆಯಿಲ್ಲದಂತೆ ಹಾಕಬೇಕೆಂಬ ಕಟ್ಟುಪಾಡು ಅದಕ್ಕಿದೆ, ಒಂದು ಕಂಪನಿ ಮುಳುಗಿದರೆ ಮನೆ ಮುಳುಗುವುದಿಲ್ಲ. ಬರೀ ಟೆಕ್ನಾಲಜಿ ಫಂಡ್ ಆದರೆ ನೂರಕ್ಕೆ 80 ಒಂದೇ ವಲಯದಲ್ಲಿ ಇರಬೇಕಾದ್ದರಿಂದ ಆ ವಲಯ ಕುಸಿದಾಗ ತಪ್ಪಿಸಿಕೊಳ್ಳಲು ಜಾಗವಿಲ್ಲ. ನಿವೃತ್ತರ ಇಡಿಗಂಟಿನಲ್ಲಿ ಇದ್ಯಾವುದಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹೋಗುವುದು ನನಗೆ ಒಪ್ಪಿಗೆಯಿಲ್ಲ.

ತೆರಿಗೆಯ ಲೆಕ್ಕವನ್ನೂ ಹೋಲಿಕೆಯಲ್ಲಿ ಸೇರಿಸಿ. 2024ರ ಜುಲೈ 23ರಿಂದ, ವರ್ಷದೊಳಗೆ ಮಾರಿದ ಲಾಭಕ್ಕೆ ನೂರಕ್ಕೆ 20, ವರ್ಷ ದಾಟಿದ್ದಕ್ಕೆ ಒಂದೂಕಾಲು ಲಕ್ಷದ ಮೇಲಿನ ಭಾಗಕ್ಕೆ ಹನ್ನೆರಡೂವರೆ.

ಕೊನೆಯದಾಗಿ, ನಮ್ಮ ಜಿಲ್ಲೆಯವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಇಲ್ಲಿಯ ಮನೆಗಳ ಮಗನೋ ಅಳಿಯನೋ ಮಗಳೋ ಬೆಂಗಳೂರಿನ ಸಾಫ್ಟ್‌ವೇರಿನಲ್ಲಿದ್ದಾರೆ. ವಾಟ್ಸ್ಆ್ಯಪ್ ಗುಂಪಿನ ಟಿಪ್ಸ್ ಬಿಟ್ಟು ಅವರನ್ನು ಕೇಳಿ: ಈ ಕಂಪನಿಯ ಉತ್ಪನ್ನ ನಿಮ್ಮಲ್ಲಿ ಯಾರಾದರೂ ಬಳಸುತ್ತಾರಾ, ಬಿಟ್ಟು ಬೇರೆಯದಕ್ಕೆ ಹೋಗುವುದು ಸುಲಭವಾ, ಇದೇ ಕೆಲಸವನ್ನು ಎಐ ಮಾಡಿಬಿಟ್ಟರೆ ಇವರ ಗತಿ ಏನು? ಆದರೆ ಅವರು ಅದೇ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರೆ ಫಲಿತಾಂಶ, ಆರ್ಡರ್, ವಿಲೀನದಂಥ ಹೊರಬೀಳದ ಸುದ್ದಿ ಕೇಳಲೂಬೇಡಿ. ಅಂಥದ್ದು ತಿಳಿದು ಷೇರು ಕೊಂಡರೆ ಸೆಬಿಯ 2015ರ ಒಳವ್ಯಾಪಾರ ನಿಯಮದಡಿ ಹೇಳಿದವರೂ ಕೊಂಡವರೂ ಇಬ್ಬರೂ ಸಿಕ್ಕಿಬೀಳುತ್ತಾರೆ, ಮಗನ ಕೆಲಸಕ್ಕೂ ಕುತ್ತು.